ಶಲ್ಯದಡಿಯ ನಂಬರು

ಹೋದ ವಾರ ಒಂದು ಬೆಳಿಗ್ಗೆ ನಮ್ಮ ಹಳೆಯ ಮೋಟರ್‌ಸೈಕಲ್ಲಿನ ಸೀಟು ಎತ್ತಿದೆ. ಎತ್ತಿದ್ದೇ ತಡ, ಸೀನು ಬಂತು. ಒಂದರ ಹಿಂದೊಂದು, ಸಾಲಾಗಿ. ಒಳಗೆ ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಸುಮಿತ್ರಾ ಅಲ್ಲಿಂದಲೇ ಕೇಳಿದಳು: "ಗಾಡೀ ಸೀಟು ಎತ್ತೀರೇನು?"

ಬೇರೆ ಮನೆಗಳಲ್ಲಿ ಗಂಡ ಸೀನಿದರೆ ನೆಗಡಿಯಾಯಿತೇ ಎಂದು ಕೇಳುತ್ತಾರೆ. ನಮ್ಮಲ್ಲಿ ಹೀಗೆ.

ಆ ಸೀಟಿನ ಸ್ಪಂಜಿನಲ್ಲಿ ಬ್ಯಾಡಗಿ ಮೆಣಸಿನಕಾಯಿಯ ಧೂಳು ಸೇರಿಕೊಂಡಿದೆ. ಎಷ್ಟು ಒರೆಸಿದರೂ, ಎಷ್ಟು ಸಲ ಕವರು ಬದಲಿಸಿದರೂ ಹೋಗಿಲ್ಲ. ಗುಂಟೂರು ಕಾಯಿಯ ಹಾಗೆ ಗಂಟಲು ಹಿಡಿಯುವ ಘಾಟಲ್ಲ ಅದು. ಬ್ಯಾಡಗಿ ಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು ಎಂಬುದು ನಿಮಗೆ ಗೊತ್ತೇ ಇದೆ. ಬಿಸಿಲಿಗೆ ಬಾಡಿ ಸುಕ್ಕಾದ, ಸ್ವಲ್ಪ ಸಿಹಿ ಬೆರೆತ ವಾಸನೆ. ಮೂಗಿನ ತುದಿಗೆ ಬಂದು ಕೂತು, ಸೀನಿಸಿ, ಆಮೇಲೆ ಬಹಳ ಹೊತ್ತು ಅಲ್ಲೇ ಇರುತ್ತದೆ. ಹಳೆಯ ನೆಂಟರ ಹಾಗೆ.

ಸೀಟು ಎತ್ತಿದ್ದಕ್ಕೆ ಕಾರಣವಿತ್ತು. ಗಾಡಿಯ ನೋಂದಣಿಯ ಅವಧಿ ಮತ್ತೆ ಮುಗಿಯುತ್ತ ಬಂದಿತ್ತು. ಹದಿನೈದು ವರ್ಷ ತುಂಬಿದಾಗ ಒಮ್ಮೆ ಹಾವೇರಿಗೆ ಒಯ್ದು ತೋರಿಸಿ ಪಾಸು ಮಾಡಿಸಿಕೊಂಡು ಬಂದಿದ್ದೆವು. ಅದಾಗಿ ಐದು ವರ್ಷ. ಈಗ ಇನ್ನೊಮ್ಮೆ ತೋರಿಸಬೇಕಿತ್ತು. ಅದಕ್ಕೆ ಒಳಗೆಲ್ಲ ಒಮ್ಮೆ ನೋಡಿಬಿಡೋಣ ಎಂದು ಎತ್ತಿದ್ದು. ನೋಡಿದರೆ ನನಗೇನು ತಿಳಿಯುತ್ತದೆ ಎಂದು ಕೇಳಬೇಡಿ. ಏನೂ ತಿಳಿಯುವುದಿಲ್ಲ. ತಿಳಿಯದ್ದನ್ನು ನೋಡಿ ಚಿಂತೆ ಮಾಡುವುದು ನನ್ನ ಸ್ವಭಾವ.

ನಾನು ಮನೆ ಬಿಟ್ಟು ಬೀದಿಯ ತಿರುವು ಮುಟ್ಟಿದೊಡನೆ ಗ್ಯಾಸು ಬಂದ್ ಮಾಡಿದ್ದೇವೆಯೇ ಎಂದು ನೆನಪಾಗಿ ಮರಳಿ ಬರುವವನು. ಬಂದು ನೋಡಿದರೆ ಬಂದ್ ಆಗಿರುತ್ತದೆ. ಮತ್ತೆ ತಿರುವು ಮುಟ್ಟುವಷ್ಟರಲ್ಲಿ, ಈಗ ಮುಟ್ಟಿ ನೋಡಲು ಹೋಗಿ ನಾನೇ ಗುಂಡಿ ತಿರುಗಿಸಿಬಿಟ್ಟೆನೇನೋ ಎಂಬ ಹೊಸ ಅನುಮಾನ ಹುಟ್ಟಿರುತ್ತದೆ. ಎದುರು ಮನೆಯವರು ನಾನು ಆಫೀಸಿಗೆ ದಿನಾ ಎರಡು ಸಲ ಹೋಗುತ್ತೇನೆ ಎಂದುಕೊಂಡಿದ್ದಾರೆ.

ಇಂಥವನಿಗೆ ದೇವರು ಕೊಟ್ಟ ನೌಕರಿಯೂ ಪರೀಕ್ಷೆಯದೇ. ರಾಣೆಬೆನ್ನೂರಿನಲ್ಲಿ ಬೀಜದ ಕಂಪನಿಗಳು ಬೇಕಾದಷ್ಟಿವೆ, ಅಂಥದೊಂದರಲ್ಲಿ ನಾನು ಮೊಳಕೆ ನೋಡುವವನು. ಚೀಲದಿಂದ ಹಿಡಿ ಬೀಜ ತೆಗೆದು, ಒದ್ದೆ ಕಾಗದದಲ್ಲಿ ಸುತ್ತಿಟ್ಟು, ಕಾದು, ಬಿಚ್ಚಿ, ಇಡೀ ರಾಶಿ ಪಾಸೋ ನಪಾಸೋ ಹೇಳಬೇಕು. ಪಾಸಾದ ರಾಶಿಯಲ್ಲಿಯೂ ಮೊಳೆಯದ ಬೀಜ ಇರುತ್ತದೆ, ನಪಾಸಾದದ್ದರಲ್ಲಿಯೂ ಭೂಮಿ ಸೀಳಿ ಬರುವಂಥದು ಇರುತ್ತದೆ. ಹಿಡಿ ನೋಡಿ ರಾಶಿಯ ಮಾತು ಹೇಳುವ ಕೆಲಸ. ಆದ್ದರಿಂದ ಯಾವ ಪರೀಕ್ಷೆಯ ಮೇಲೂ ನನಗೆ ನಂಬಿಕೆಯಿಲ್ಲ. ಭಯ ಮಾತ್ರ ಎಲ್ಲ ಪರೀಕ್ಷೆಯ ಮೇಲೂ ಇದೆ.

ಈ ಗಾಡಿ ನನ್ನದಲ್ಲ, ನಮ್ಮ ಮಾವನದು. ನನ್ನ ತಾಯಿಯ ತಮ್ಮ. ಸೋದರಮಾವನಾಗಿದ್ದವನು ಆಮೇಲೆ ಮಗಳನ್ನು ಕೊಟ್ಟು ಹೆಣ್ಣುಕೊಟ್ಟ ಮಾವನೂ ಆದ. ಹಾಗಾಗಿ ಅಳಿಯನಿಗೆ ಸಲ್ಲಬೇಕಾದ ಮರ್ಯಾದೆ ನನಗೆ ಒಂದು ದಿನವೂ ಸಿಗಲಿಲ್ಲ. ಮೂಗು ಸೋರಿಸಿಕೊಂಡು ತಿರುಗುತ್ತಿದ್ದಾಗಿನಿಂದ ಕಂಡ ಹುಡುಗನಿಗೆ ತಲೆಗೆ ಬಾಸಿಂಗ ಕಟ್ಟಿದ ಮಾತ್ರಕ್ಕೆ ಯಾರು ಬಹುವಚನ ಕೊಡುತ್ತಾರೆ?

ಮಾವ ಹರೆಯದಲ್ಲಿ ಹಾವೇರಿಯ ದನದ ಪೇಟೆಯಲ್ಲಿ ದಲಾಲಿ ಮಾಡುತ್ತಿದ್ದವನು. ಆಮೇಲೆ ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೆ ಬಂದು ಅಲ್ಲೇ ನೆಲೆನಿಂತ. ಆದರೆ ಮನುಷ್ಯ ಮೊದಲು ಕಲಿತ ಕಸುಬು ಬಿಡುವುದಿಲ್ಲ ನೋಡಿ. ಬಾಡಿಗೆ ಮನೆ ನೋಡಲು ಹೋದರೆ ಗೋಡೆಯನ್ನು ಎತ್ತಿನ ಬೆನ್ನು ತಟ್ಟಿದಂತೆ ತಟ್ಟುತ್ತಿದ್ದ. ನನಗೆ ಹೆಣ್ಣು ಕೊಡುವ ಮುಂಚೆ ನನ್ನ ಹಲ್ಲು ನೋಡಿದ್ದನೆಂದು ಸುಮಿತ್ರಾ ಇವತ್ತಿಗೂ ಹೇಳುತ್ತಾಳೆ. ಸುಳ್ಳಿರಬೇಕು. ಆದರೆ ನಿಶ್ಚಯದ ದಿನ, "ನಗೋ, ನಗೋ ಒಂದೀಟು" ಎಂದು ಅವನು ಒತ್ತಾಯ ಮಾಡಿದ್ದು ನಿಜ.

ದನದ ಪೇಟೆಯಲ್ಲಿ ರೇಟು ಬಾಯಲ್ಲಿ ಆಡುವುದಿಲ್ಲ. ಕೊಳ್ಳುವವನ ಕೈ, ಮಾರುವವನ ಕೈ ಎರಡೂ ಒಂದು ಶಲ್ಯದಡಿ ಹೋಗುತ್ತವೆ. ಅಲ್ಲಿ ಬೆರಳು ಹಿಡಿದು, ಬೆರಳು ಮಡಿಸಿ, ಒತ್ತಿ ವ್ಯಾಪಾರ. ಮುಖ ನೋಡಿದರೆ ಇಬ್ಬರೂ ಮಳೆ ಯಾವಾಗ ಬರಬಹುದು ಎಂದು ಯೋಚಿಸುತ್ತಿರುವಂತೆ ಇರುತ್ತದೆ. ಶಲ್ಯ ಮಾತ್ರ ಒಳಗೆ ಮೊಲದ ಮರಿ ಇದ್ದ ಹಾಗೆ ಅಲ್ಲಾಡುತ್ತಿರುತ್ತದೆ. ನಾನು ಸಣ್ಣವನಿದ್ದಾಗ ಮಾವನ ಪಕ್ಕ ನಿಂತು ಅದನ್ನೇ ನೋಡುತ್ತಿದ್ದೆ. "ಏನಂದ್ರಿ ಮಾವಾ?" ಎಂದರೆ, "ಕೈಯಾಗಿಂದು ಬಾಯಿಗೆ ತರಬಾರದು" ಎನ್ನುತ್ತಿದ್ದ.

ಮೋಟರ್‌ಸೈಕಲ್ ಕೊಂಡದ್ದೂ ಹಾಗೆಯೇ. ರಾಣೆಬೆನ್ನೂರಿನ ಒಂದು ಅಂಗಡಿಗೆ ನನ್ನನ್ನೂ ಕರೆದುಕೊಂಡು ಹೋಗಿದ್ದ. ಒಂದೇ ಬಣ್ಣದ, ಒಂದೇ ಅಳತೆಯ ಮೂರು ಕರಿಯ ಗಾಡಿಗಳು ನಿಂತಿದ್ದವು. ಮಾವ ಹಿಂದಿನಿಂದ ನೋಡಿದ, ಮುಂದಿನಿಂದ ನೋಡಿದ, ಬಗ್ಗಿ ಟೈರನ್ನು ಗೊರಸು ಒತ್ತಿದಂತೆ ಒತ್ತಿದ. ಆಮೇಲೆ ಅಂಗಡಿಯವನಿಗೆ, "ಅಲ್ಲೀತನಕ ಹೋಗಿ ಬಾ. ನಡಿಗಿ ನೋಡಬೇಕು" ಎಂದ.

"ಹೊಸಾ ಗಾಡಿ ಅದಾವ್ರಿ ಯಜಮಾನ್ರ. ಎಲ್ಲಾ ಒಂದ ಥರಾ ಇರತಾವು."

"ಒಂದ ತಾಯಿ ಮಕ್ಕಳು ಒಂದ ಥರಾ ಇರೂದಿಲ್ಲ. ಇವು ಹೆಂಗ ಇರತಾವು? ನೀ ಹೋಗಿ ಬಾ."

ಮೂರರ ನಡಿಗೆಯನ್ನೂ ನೋಡಿ ಕೊನೆಯದನ್ನು ಆರಿಸಿದ. ಅದೇ ಯಾಕೆ ಎಂದು ದಾರಿಯಲ್ಲಿ ಕೇಳಿದೆ. "ಮೊದಲಿಂದು ಕೆಮ್ಮತಿತ್ತು. ನಡೂಕಿಂದು ಭಾಳ ಹೊಳೀತಿತ್ತು" ಎಂದ. ಹೊಳೆದರೆ ತಪ್ಪೇನು? "ಭಾಳ ಹೊಳಿಯೂ ಎತ್ತಿನ ಮೈಗೆ ಯಾರೋ ಎಣ್ಣಿ ಸವರಿರತಾರ, ಅಳಿಯಾ."

ಈ ಮಾತು ನಾನು ನೆನಪಿಡಬೇಕಿತ್ತು. ಇಡಲಿಲ್ಲ.

ಮಾವ ದಿನಾ ಹೊರಡುವ ಮೊದಲು ಕಿಕ್ ಹೊಡೆದು, ಅಂಗಳದಲ್ಲಿ ಒಂದು ಸುತ್ತು ಹಾಕಿ, ಕಿವಿ ಓರೆ ಮಾಡಿ ಕೇಳಿ, ಆಮೇಲೆಯೇ ರಸ್ತೆಗೆ ಇಳಿಯುತ್ತಿದ್ದ. ಆ ಗಾಡಿಯ ಮೇಲೆ ಎಷ್ಟು ಊರು ತಿರುಗಿದ! ಹಿಂದೆ ಮೆಣಸಿನಕಾಯಿಯ ಸ್ಯಾಂಪಲ್ ಚೀಲ, ಚೀಲ ಹೊಲಿಯುವ ದಬ್ಬಣ ಸೀಟಿನ ಕೆಳಗೆ. ಗಳಗನಾಥದ ಕಡೆಗೆ ಹೋದರೆ ತುಂಗಭದ್ರೆಗೆ ವರದೆ ಬಂದು ಸೇರುವಲ್ಲಿ ಗಾಡಿಯ ಮುಖಕ್ಕೂ ನಾಕು ಬೊಗಸೆ ನೀರು ಚಿಮುಕಿಸುತ್ತಿದ್ದ. ಎತ್ತಿನ ಮೈ ತೊಳೆದ ಕೈ.

ಅತ್ತೆ ತೀರಿಕೊಂಡ ಮೇಲೆ ಮಾವ ನಮ್ಮ ಮನೆಗೆ, ರಾಣೆಬೆನ್ನೂರಿಗೆ ಬಂದ. ಸಾಮಾನೆಂದರೆ ಒಂದು ಟ್ರಂಕು, ಈ ಗಾಡಿ. ಕಣ್ಣಿಗೆ ಪೊರೆ ಬಂದು ಒಂದಕ್ಕೆ ಆಪರೇಷನ್ ಆಗಿತ್ತು, ಇನ್ನೊಂದನ್ನು ಡಾಕ್ಟರಿಗೆ ಕೊಡಲು ಒಪ್ಪಿರಲಿಲ್ಲ. ಓಡಿಸುವುದು ನನ್ನ ಪಾಲಿಗೆ ಬಂತು, ಹಿಂದೆ ಕೂಡುವುದು ಅವನ ಪಾಲಿಗೆ. ನನ್ನ ವಾರದ ರಜೆಯನ್ನು ಬ್ಯಾಡಗಿ ಪೇಟೆಯ ದಿನಕ್ಕೆ ಹೊಂದಿಸಿಕೊಂಡೆ. ಆವತ್ತು ಮಾವ ನಸುಕಿನಲ್ಲಿಯೇ ಮಿಂದು, ಧೋತರ ಉಟ್ಟು, ಬಾಗಿಲಲ್ಲಿ ನಿಂತುಬಿಡುತ್ತಿದ್ದ. ಅಲ್ಲಿ ಹೋಗಿ ಮಾಡುವುದೇನೂ ಇರಲಿಲ್ಲ. ಹಳೆಯ ಗೆಳೆಯನೊಬ್ಬನ ಅಂಗಡಿಯ ಚೀಲದ ಮೇಲೆ ಕೂತು, ಅರ್ಧ ಕಪ್ ಚಹಾ ಕುಡಿದು, ರಾಶಿಯಿಂದ ಒಂದು ಕಾಯಿ ಎತ್ತಿ, ಮುರಿದು, ಮೂಸಿ, "ಹೋದ ವರ್ಷದ ಮಾಲಿನ್ಹಂಗ ಇಲ್ಲ ಬಿಡು" ಎನ್ನುವುದು. ಹೋದ ವರ್ಷವೂ ಇದನ್ನೇ ಅಂದಿರುತ್ತಿದ್ದ. ಅಷ್ಟಕ್ಕೆ ಇಡೀ ವಾರ ಬದುಕುತ್ತಿದ್ದ.

ಬೇರೆ ವಾಹನದಲ್ಲಿ ಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕಾರು ಹತ್ತಿದರೆ ವಾಂತಿ. ಬಸ್ಸಿನ ಮೆಟ್ಟಿಲಿಗೆ ಮೊಣಕಾಲು ಏಳುತ್ತಿರಲಿಲ್ಲ. ಪಕ್ಕದ ಮನೆಯವರ ಹೊಸ ಬೈಕಿನ ಹಿಂದಿನ ಸೀಟು ಅಟ್ಟದ ಮೇಲಿದ್ದ ಹಾಗೆ ಇತ್ತು. ಈ ಗಾಡಿಯ ಸೀಟು ಮಾತ್ರ ಅವನ ಭಾರಕ್ಕೇ ಕುಸಿದು ಕುಸಿದು ಅವನ ಕಾಲಿನ ಅಳತೆಗೆ ಬಂದಿತ್ತು. ಶಲ್ಯ ಸರಿಮಾಡಿಕೊಂಡು, ನನ್ನ ಹೆಗಲು ಹಿಡಿದು, ಕಾಲು ಹಾಯಿಸಿಬಿಡುತ್ತಿದ್ದ.

ಹೀಗಿರುವಾಗ ಗಾಡಿಗೆ ಹದಿನೈದು ತುಂಬಿತು. ಹಾವೇರಿಯ ಆರ್‌ಟಿಓ ಕಚೇರಿಗೆ ಒಯ್ದು ತೋರಿಸಬೇಕು, ಅವರು ಸರಿಯಿದೆ ಎಂದರೆ ಮುಂದೆ ಓಡಿಸಬಹುದು ಎಂದು ಗೊತ್ತಾಯಿತು.

"ಪಾಸಾಗಲಿಲ್ಲಂದ್ರ?" ಸುಮಿತ್ರಾ ಊಟಕ್ಕೆ ಬಡಿಸುತ್ತ ಕೇಳಿದಳು.

"ಇನ್ನೊಮ್ಮೆ ರಿಪೇರಿ ಮಾಡಿಸಿ ಒಯ್ದರಾತು," ನಾನೆಂದೆ.

ಮಾವ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. "ಒಮ್ಮೆ ಪ್ಯಾಟಿಗೆ ಹೋಗಿ ಬ್ಯಾಡ ಅನಿಸ್ಕೊಂಡು ಬಂದ ಎತ್ತನ್ನ ಎರಡನೇ ಸಲ ಒಯ್ಯಬಾರದು. ಅದರ ಮಾನ ಹೋಗತೈತಿ. ಒಮ್ಮೆ ಆತಂದ್ರ ಆತು. ಇಲ್ಲಂದ್ರ ಗುಜರಿಯವಗ ಕೊಟ್ಟಬಿಡು."

"ಮತ್ತ ನಿನ್ನ ಬ್ಯಾಡಗಿ, ಅಪ್ಪಾ?"

"ಮನ್ಯಾಗ ಕುಂದರತೇನಿ. ಟಿವಿ ಐತೆಲ್ಲ."

ಅವನು ಟಿವಿ ನೋಡಿದ್ದನ್ನು ನಾವು ಯಾರೂ ಕಂಡಿರಲಿಲ್ಲ. ಮುದುಕ ಆಡಿದ ಮಾತು ತಿರುಗಿಸುವವನಲ್ಲ. ಹಾವೇರಿಯಲ್ಲಿ ಒಂದು ಬಲ್ಬು ಹತ್ತದಿದ್ದರೆ ಮಾವನ ಪೇಟೆಯ ದಿನ ಮುಗಿದ ಹಾಗೆ.

ಮರುದಿನವೇ ಗಾಡಿಯನ್ನು ರಫೀಕನ ಬಳಿ ಒಯ್ದೆ. ಸ್ಟೇಷನ್ ರಸ್ತೆಯಲ್ಲಿ ಅವನ ಗ್ಯಾರೇಜು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಬಲ್ಬು ಹೊಸದು, ಹಾರ್ನು ಹೊಸದು, ಬ್ರೇಕಿನ ಶೂ ಹೊಸದು, ಕನ್ನಡಿ ಎರಡೂ ಕಡೆ ಹೊಸದು. ಇನ್ನೂ ಏನಾದರೂ ಉಳಿಯಿತೇ ಎಂದು ನಾನು ದಿನಾ ಹೋಗಿ ನಿಲ್ಲುತ್ತಿದ್ದೆ. ಕೊನೆಗೆ ಅವನಿಗೂ ಬೇಸರ ಬಂದಿರಬೇಕು.

"ಸರ, ಒಳಗ ನೀವು ಏನ ಹಾಕ್ಸಿದ್ರೂ ನೋಡಾವ್ರಿಗೆ ಕಾಣೂದಿಲ್ಲ. ಕಣ್ಣಿಗೆ ಮೊದಲ ಬೀಳೂದು ಬಣ್ಣ. ಒಂದ್ ಕೋಟಿಂಗ್ ಹೊಡದಬಿಡ್ತೇನಿ. ಹಾವೇರ್‍ಯಾಗ ಇಳದ್ರ ಮದುಮಗಳು ಬಂದ್ಹಂಗ ಆಗಬೇಕು."

"ಎರಡು ಕೋಟಿಂಗ್ ಹೊಡಿ," ಎಂದವನು ನಾನು. ಯಾರೂ ಒತ್ತಾಯ ಮಾಡಿರಲಿಲ್ಲ.

ಎರಡನೆಯ ಕೋಟಿಂಗು ಮೋಡದಿಂದಾಗಿ ಒಣಗಲಿಲ್ಲ. ಒಣಗುವವರೆಗೆ ಕಾದು ಕಾದು ಅವಧಿಯ ಕೊನೆಯ ದಿನವೇ ಬಂದುಬಿಟ್ಟಿತು. ಆ ಬೆಳಿಗ್ಗೆ ಮಾವ ಹೊರಗೆ ಬಂದು ಗಾಡಿಯ ಸುತ್ತ ತಿರುಗಿದ. ಟ್ಯಾಂಕಿನ ಮೇಲೆ ಕೈ ಆಡಿಸಿದ. ಬಗ್ಗಿ ಮೂಸಿದ.

"ಇದು ಯಾರ ಗಾಡೀಲೇ?"

"ನಮ್ಮದ ಐತ್ರಿ ಮಾವಾ. ಬಣ್ಣ ಹೊಡಸೇನಿ."

"ಎಣ್ಣಿ ಸವರೀದಿ," ಎಂದಷ್ಟೇ ಹೇಳಿ ಶಲ್ಯ ತರಲು ಒಳಗೆ ಹೋದ.

ಹಾವೇರಿಯ ಕಚೇರಿಯ ಮೈದಾನದಲ್ಲಿ ಗಾಡಿಗಳ ಸಾಲಿತ್ತು. ಆಟೋಗಳು, ಒಂದು ಟ್ರ್ಯಾಕ್ಟರು, ನಮ್ಮಂಥ ಹಳೆಯ ಬೈಕುಗಳು. ಇನ್ಸ್‌ಪೆಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ಮೈಸೂರು ಕಡೆಯವರು ಎಂದು ಮಾತಿನಲ್ಲಿಯೇ ತಿಳಿಯುತ್ತಿತ್ತು. ನಮ್ಮ ಸರದಿ ಬಂತು. ಲೈಟು ಹತ್ತಿತು. ಇಂಡಿಕೇಟರು ಮಿಣುಕಿತು. ರಫೀಕ ಹಾಕಿದ ಹಾರ್ನು ಎಷ್ಟು ಜೋರಾಗಿತ್ತೆಂದರೆ ಅವರು ಒಂದು ಹೆಜ್ಜೆ ಹಿಂದೆ ಸರಿದು, "ಸಾಕು ಸಾಕು" ಎಂದರು. ಒಂದು ಸುತ್ತು ಓಡಿಸಿ, ಬ್ರೇಕು ಹಾಕಿ ತೋರಿಸಿದೆ. ಎಲ್ಲ ಸರಿ. ನನ್ನ ಎದೆ ಹಗುರಾಗುತ್ತಿರುವಾಗಲೇ ಅವರು ಹ್ಯಾಂಡಲ್ಲು ಎಡಕ್ಕೆ ತಿರುಗಿಸಿ, ಅದರ ಕುತ್ತಿಗೆಯ ಕಡೆ ಬಗ್ಗಿ ನೋಡಿದರು.

"ಚಾಸಿ ನಂಬರ್ ಎಲ್ಲಿ ಸಾರ್?"

ಪ್ರತಿ ಗಾಡಿಯ ಚೌಕಟ್ಟಿನ ಮೇಲೆ ಅದರದೇ ಒಂದು ನಂಬರನ್ನು ಕಬ್ಬಿಣದಲ್ಲಿ ಕೆತ್ತಿರುತ್ತಾರೆ. ಇನ್ಸ್‌ಪೆಕ್ಟರು ಅದರ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಗುರುತು ತೆಗೆದುಕೊಳ್ಳುತ್ತಾರೆ. ಇದು ನನಗೆ ಗೊತ್ತಿರಲಿಲ್ಲ. ಈಗ ಅಲ್ಲಿ ನಂಬರೇ ಇರಲಿಲ್ಲ. ರಫೀಕನ ಎರಡು ಕೋಟಿಂಗು ಆ ಅಂಕಿಗಳನ್ನೆಲ್ಲ ನುಂಗಿ ಕರಿದ ಬಾಣಲೆಯ ಹಾಗೆ ನುಣ್ಣಗೆ ಹೊಳೆಯುತ್ತಿತ್ತು.

"ನಂಬರ್ ಮೇಲೇ ಪೇಂಟ್ ಹೊಡಿಸ್ಬಿಟ್ಟಿದ್ದೀರಲ್ಲ! ಗಾಡಿ ಚೆನ್ನಾಗೇ ಇದೆ. ಆದ್ರೆ ಇದು ನಿಮ್ಮ ಗಾಡೀನೇ ಅಂತ ನಾನು ಹೇಗೆ ಹೇಳ್ಲಿ?"

"ನಮ್ಮದ ಐತ್ರಿ ಮೇಡಮ್ಮರ..."

"ನೀವು ಹೇಳಿದ್ರೆ ಆಗಲ್ಲ, ಗಾಡಿ ಹೇಳ್ಬೇಕು. ಮಿಕ್ಕವೆಲ್ಲ ನೋಡಿ ಮುಗಿಸ್ತೀನಿ. ಅಷ್ಟರಲ್ಲಿ ನಂಬರ್ ಕಾಣೋ ಹಾಗೆ ಮಾಡಿ. ಇಲ್ಲಾಂದ್ರೆ ಇನ್ನೊಂದ್ ದಿನ ತನ್ನಿ."

ಇನ್ನೊಂದು ದಿನ ತರಲು ಕಚೇರಿಯವರು ಯಾರೂ ಬೇಡ ಅನ್ನುತ್ತಿರಲಿಲ್ಲ. ಅನ್ನುವವನು ನನ್ನ ಹಿಂದೆ ಶಲ್ಯ ಹೊದ್ದು ನಿಂತಿದ್ದ. ಅವನ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

"ಸೀಟಿನ ಕೆಳಗ ದಬ್ಬಣ ಐತಿ, ಕೊಡಿಲ್ಲೆ," ಎಂದ ಮಾವ.

ಸೀಟು ಎತ್ತಿದೆ. ನಾನು ಸೀನಿದೆ, ಹಿಂದಿದ್ದ ಆಟೋದವನು ಸೀನಿದ, ಅವನ ಹಿಂದಿದ್ದವನೂ ಸೀನಿದ. ಮಾವ ಮಾತ್ರ ಸೀನಲಿಲ್ಲ. ಧೋತರ ಮೇಲೆತ್ತಿ ನೆಲಕ್ಕೆ ಕೂತು, ಗಾಡಿಯ ಕುತ್ತಿಗೆಗೆ ಮುಖ ಹಚ್ಚಿ, ದಬ್ಬಣದಿಂದ ಕೆರೆಯತೊಡಗಿದ. ಬಣ್ಣದ ಸಿಪ್ಪೆ ಉದುರಿತು. ಅದರ ಕೆಳಗೆ ಹಳೆಯ ಬಣ್ಣ, ಅದರ ಕೆಳಗೆ ಕಬ್ಬಿಣ. ಅಂಗೈಯಗಲ ಕೆರೆದರೂ ಒಂದೇ ಒಂದು ಅಂಕಿ ಕಾಣಲಿಲ್ಲ. ಆಗ ಆಟೋದವನು ಮೂಗು ಒರೆಸಿಕೊಳ್ಳುತ್ತ ಹೇಳಿದ:

"ಯಜಮಾನ್ರ, ನಂಬರ ಬಲಕ್ಕಿರತೈತ್ರಿ. ನೀವು ಎಡಕ್ಕ ಕೆರಿಯಾಕತ್ತೀರಿ."

"ಮೊದಲ ಹೇಳಾಕ ಏನಾಗಿತ್ತೋ ನಿನಗ?"

"ಏನೋ ಪೂಜಿ ಮಾಡಾಕತ್ತಾರ ಅಂತ ಮಾಡಿದ್ದೆರಿ."

ಮಾವ ಎದ್ದು ಬಲಕ್ಕೆ ಬಂದು ಕೂತ. ಈ ಸಲ ಸ್ವಲ್ಪ ಕೆರೆದೊಡನೆ ದಬ್ಬಣ ಎಲ್ಲೋ ತೊಡರಿತು. ಆದರೆ ಬಿಸಿಲು ಬಿದ್ದು ಕಪ್ಪು ಬಣ್ಣ ಥಳಥಳ ಎನ್ನುತ್ತಿತ್ತು. ನನ್ನ ಕಣ್ಣಿಗೆ ಹೊಳಪೇ ಹೊರತು ಅಂಕಿ ಕಾಣಲಿಲ್ಲ, ಅವನ ಕಣ್ಣಿಗಂತೂ ಅದೂ ಇಲ್ಲ. ಮಾವ ದಬ್ಬಣ ನನ್ನ ಕೈಗೆ ಕೊಟ್ಟ. ಹೆಗಲ ಮೇಲಿನ ಶಲ್ಯ ತೆಗೆದು ಗಾಡಿಯ ಕುತ್ತಿಗೆಯ ಮೇಲೆ ಹಾಸಿದ. ಅದರಡಿ ಬಲಗೈ ಹೋಯಿತು. ಕಣ್ಣು ಮುಚ್ಚಿದ. ಶಲ್ಯ ಮೆಲ್ಲಗೆ ಅಲ್ಲಾಡಿತು.

ಮಳೆ ಯಾವಾಗ ಬರಬಹುದು ಎಂದು ಯೋಚಿಸುವ ಅದೇ ಮುಖ. ಎಷ್ಟು ವರ್ಷದ ಮೇಲೆ ಕಂಡೆ ಅದನ್ನು!

"ಆರ್‌ಸಿ ತಗೀ. ನಾ ಹೇಳ್ತೇನಿ, ನೀ ತಾಳೆ ನೋಡು. ಏಳು."

"ಏಳು," ಎಂದೆ. ಕಾಗದದಲ್ಲಿ ಏಳೇ ಇತ್ತು.

"ಒಂದು. ಇನ್ನೊಂದು ಒಂದು."

"ಹೌದ್ರಿ!"

"ಮೂರು."

ಕಾಗದದಲ್ಲಿ ಎಂಟಿತ್ತು.

"ಎಂಟಲ್ಲೇನ್ರಿ ಮಾವಾ?"

"ಮೂರು."

"ಇನ್ನೊಮ್ಮೆ ನೋಡ್ರಿ."

"ಅಳಿಯಾ," ಕಣ್ಣು ತೆರೆಯದೆ ಹೇಳಿದ, "ಈ ಕೈ ಶಲ್ಯದಾಗ ಒಮ್ಮೆನೂ ತಪ್ಪಿಲ್ಲ. ಮೂರಂದ್ರ ಮೂರು."

ನೀವಾಗಿದ್ದರೆ ಮುದುಕನ ಬೆರಳು ತಪ್ಪಿತು ಎನ್ನುತ್ತಿದ್ದಿರಿ. ನನ್ನ ತಲೆ ಹಾಗೆ ಓಡುವುದಿಲ್ಲ. ನಂಬರು ಬೇರೆ ಎಂದರೆ ಗಾಡಿ ಬೇರೆ. ಹದಿನೈದು ವರ್ಷ ನಾವು ಯಾರದೋ ಗಾಡಿ ಓಡಿಸಿದೆವು. ಅಂಗಡಿಯವನು ಮೂರನ್ನು ಓಡಿಸಿ ತೋರಿಸಿದ ಗಡಿಬಿಡಿಯಲ್ಲಿ ಒಂದರ ಕಾಗದ ಇನ್ನೊಂದಕ್ಕೆ ಹೋಗಿದೆ. ಇದರ ನಿಜವಾದ ಒಡೆಯ ಎಲ್ಲೋ ನಮ್ಮನ್ನು ಹುಡುಕುತ್ತಿದ್ದಾನೆ. ಅಥವಾ ಇದು ಕದ್ದ ಗಾಡಿ. ಸ್ಟೇಷನ್ನು, ಕೋರ್ಟು, ಸುಮಿತ್ರಾ ಡಬ್ಬಿಯಲ್ಲಿ ರೊಟ್ಟಿ ಕಟ್ಟಿಕೊಂಡು ಬಂದು ಸರಳಿನ ಆಚೆ ನಿಂತದ್ದು, ಎಲ್ಲವೂ ಆ ಮೈದಾನದ ಬಿಸಿಲಿನಲ್ಲಿ ಸ್ಪಷ್ಟವಾಗಿ ಕಂಡವು. ರೊಟ್ಟಿಯ ಜೊತೆ ಯಾವ ಪಲ್ಯ ಎಂಬುದು ಕೂಡ.

ಅಷ್ಟರಲ್ಲಿ ಇನ್ಸ್‌ಪೆಕ್ಟರು ಬಂದರು. ಶಲ್ಯ ಹೊದ್ದ ಗಾಡಿ ನೋಡಿ ನಿಂತರು.

"ಅಜ್ಜ, ಏನ್ ಮಾಡ್ತಿದ್ದೀರಾ?"

"ರೇಟು ಮಾಡಾಕತ್ತೇನಿ, ಯವ್ವಾ. ಒಂದು ಅಂಕಿ ಕುಂದ್ರವಲ್ದು."

ಅವರಿಗೆ ಎಷ್ಟು ಅರ್ಥವಾಯಿತೋ. ನಗುತ್ತ ಶಲ್ಯ ಸರಿಸಿದರು. ಕೆರೆದ ಜಾಗದ ಮೇಲೆ ಕಾಗದವಿಟ್ಟು ಪೆನ್ಸಿಲನ್ನು ಓರೆಯಾಗಿ ಹಿಡಿದು ಉಜ್ಜಿದರು. ಬೂದು ಬಣ್ಣದ ನಡುವೆ ಬೆಳ್ಳಗೆ ಏಳು ಮೂಡಿತು, ಒಂದು, ಒಂದು. ಆಮೇಲೆ ಮೂರರ ಹಾಗೆ ಏನೋ ಬಂತು. ಪೆನ್ಸಿಲ್ ಇನ್ನೊಮ್ಮೆ ಹಾಯಿತು. ಅದರ ಎಡಕ್ಕೆ ಕೂದಲೆಳೆಯಂತೆ ಒಂದು ಗೆರೆ ಕಾಣಿಸಿಕೊಂಡು, ಮೂರು ಮೆಲ್ಲಗೆ ಮುಚ್ಚಿಕೊಂಡು ಎಂಟಾಯಿತು. ಕೆತ್ತುವಾಗ ಎಡಭಾಗ ತೆಳ್ಳಗೆ ಬಿದ್ದಿತ್ತು, ಅಷ್ಟೇ.

"ಸರಿ ಇದೆ," ಎಂದರು ಅವರು. "ಇನ್ನು ಮೇಲೆ ಬಣ್ಣ ಹೊಡಿಸೋವಾಗ ಇಲ್ಲಿ ಬಿಟ್ಟು ಹೊಡಿಸಿ."

ಮಾವ ಆ ಕಾಗದ ಬೇಡಿ ತೆಗೆದುಕೊಂಡ. ಕಣ್ಣಿನ ಹತ್ತಿರ ಹಿಡಿದ, ದೂರ ಹಿಡಿದ, ನನ್ನ ಕೈಗೆ ಕೊಟ್ಟ.

"ಎಂಟಂತಾಳೇನು?"

"ಎಂಟ್ರಿ ಮಾವಾ."

"ಎಂಟ ಇರ್ಲಿ. ಪ್ಯಾಟ್ಯಾಗ ಕೊಳ್ಳಾವರು ಹೇಳಿದ್ದ ಖರೆ." ಶಲ್ಯ ಝಾಡಿಸಿ ಹೆಗಲಿಗೆ ಹಾಕಿಕೊಂಡು, ಗಾಡಿ ಹತ್ತುತ್ತ ಹೇಳಿದ: "ಆದ್ರ ಬೆರಳಿಗೆ ಮೂರ ಐತಿ."

ಪಾಸಾದ ಗಾಡಿ ಎಂದು ನಾನು ಎದೆ ಸೆಟೆಸಿ ಹೆದ್ದಾರಿಗೆ ಇಳಿದೆ. ಜೀವನದಲ್ಲಿ ಅಷ್ಟು ನಿಶ್ಚಿಂತೆಯಿಂದ ನಾನು ಗಾಡಿ ಓಡಿಸಿದ್ದು ಆವತ್ತೊಂದೇ. ಅದು ಮೋಟೆಬೆನ್ನೂರಿನವರೆಗೆ ಬಾಳಿತು. ಬ್ಯಾಡಗಿಯ ರಸ್ತೆ ಕೂಡುವಲ್ಲಿ ಕಟಕ್ಕೆಂದು ಸದ್ದಾಗಿ ಚೈನು ಹರಿದು ನೆಲಕ್ಕೆ ಬಿತ್ತು. ಎಲ್ಲ ಹೊಸದು ಹಾಕಿಸಿದ್ದೆನಲ್ಲ, ಚೈನೊಂದು ನೆನಪಾಗಿರಲಿಲ್ಲ. ತಪಾಸಣೆಯಲ್ಲಿಯೂ ಅದು ತುಟಿ ಪಿಟಕ್ಕೆನ್ನದೆ ಕೂತಿತ್ತು.

ರಫೀಕನಿಗೆ ಫೋನು ಮಾಡಿ ಮರದ ಕೆಳಗೆ ಕೂತೆವು. ನಾನು ಆ ಹರಿದ ಚೈನನ್ನು ಸತ್ತ ಹಾವು ಹಿಡಿದಂತೆ ಹಿಡಿದಿದ್ದೆ. ಮಾವ ನಕ್ಕದ್ದೇ ನಕ್ಕದ್ದು. ಕಣ್ಣಲ್ಲಿ ನೀರು ಬರುವಷ್ಟು.

"ಪ್ಯಾಟ್ಯಾಗ ಎಲ್ಲಾ ಎತ್ತೂ ಚಲೋ ನಡೀತಾವ, ಅಳಿಯಾ. ಮನಿಗೆ ಹೊಡಕೊಂಡು ಹೋಗೂ ದಾರ್‍ಯಾಗ ಅದರ ಗುಣ ತಿಳಿತೈತಿ."

"ಹಂಗಾರ ಈ ತಪಾಸಣಿ ಯಾತಕ್ಕರಿ?" ನನಗೆ ಸಿಟ್ಟು ಬಂದಿತ್ತು.

"ಇದು ನಿಂದ ಹೌದಲ್ಲೋ ಅಂತ ಕೇಳಾಕ. ಹೌದು, ನಂದ ಅಂದಿ. ಮುಗೀತು. ಮುಂದ ಅದು ಹರಿದ್ರೂ ನಿಂದ, ಓಡಿದ್ರೂ ನಿಂದ."

ರಫೀಕ ಬಂದು, ಚೈನು ಹಾಕಿ, "ಚೈನ್ ಬಗ್ಗೆ ನೀವು ಹೇಳಲೇ ಇಲ್ಲಲ್ಲ ಸರ" ಎಂದು ನನ್ನ ಮೇಲೆಯೇ ಹೇರಿ ಹೋದ. ಮಾವ ಹಿಂದೆ ಕೂತು ನನ್ನ ಹೆಗಲು ತಟ್ಟಿದ. "ಬ್ಯಾಡಗಿ ಇಲ್ಲೇ ಐತಲ್ಲ. ಹೋಗಿ ಬರೂಣು." ಆವತ್ತು ಪೇಟೆಯ ದಿನವಲ್ಲ. ಯಾರ್ಡಿನಲ್ಲಿ ರಾಶಿಯಿರಲಿಲ್ಲ, ಜನರಿರಲಿಲ್ಲ. ಗುಡಿಸಿದ ನೆಲದ ಮೇಲೆ ಉಳಿದ ಕೆಂಪು ಧೂಳು ಸಂಜೆಯ ಬಿಸಿಲಿಗೆ ಕುಂಕುಮ ಚೆಲ್ಲಿದ ಹಾಗೆ ಕಾಣುತ್ತಿತ್ತು. ಮಾವ ಗಾಡಿಯಿಂದ ಇಳಿಯಲಿಲ್ಲ. ಅಂಗಡಿಗಳ ಮುಂದೆ ಮೆಲ್ಲಗೆ ಒಂದು ಸುತ್ತು ಹಾಕಿಸಿದ, ಸಾಕು ಎಂದ, ಮನೆಗೆ ಬಂದೆವು.

ಆಮೇಲೆ ಎಷ್ಟೋ ಪೇಟೆಗಳಿಗೆ ಹೋದೆವು. ಹೋದ ವರ್ಷ, ಹೊಸ ಕಾಯಿ ಬರುವ ಮೊದಲು, ಒಂದು ಮಧ್ಯಾಹ್ನ ಮಲಗಿದಲ್ಲಿಯೇ ಮಾವ ಹೋದ. ಗಾಡಿ ಸುಮಿತ್ರಾಳ ಹೆಸರಿಗೆ ಬಂತು. ವಾರದ ರಜೆ ಮಾತ್ರ ಪೇಟೆಯ ದಿನಕ್ಕೇ ಉಳಿದಿದೆ. ಬದಲಿಸಬೇಕೆಂದು ನೆನಪಾಗುತ್ತದೆ, ಬದಲಿಸುವುದಿಲ್ಲ. ಆ ದಿನ ಗಾಡಿ ಒರೆಸುತ್ತೇನೆ. ಕುತ್ತಿಗೆಯ ಎರಡೂ ಕಡೆ ದಬ್ಬಣ ಕೆರೆದ ಗಾಯಗಳಿವೆ. ತುಕ್ಕು ಹಿಡಿಯದಿರಲೆಂದು ಎಣ್ಣೆ ಸವರುತ್ತೇನೆ. ಈ ಎಣ್ಣೆಗೆ ಮಾವನೂ ಬೈಯಲಾರ.

ಇನ್ನು ಸೀಟು ಎತ್ತಿ ಸೀನಿದ ಬೆಳಗಿಗೆ ಬರೋಣ. ರಫೀಕ ಹಿಂದಿನ ದಿನವೇ, "ಸರ, ಈ ಸಲಾ ಮೆಟಾಲಿಕ್ ಹೊಡಿಯೂಣೇನು?" ಎಂದು ಕೇಳಿದ್ದ. ಬೇಡವೆಂದು ಚೈನು ನೋಡಿಸಿಕೊಂಡು ಬಂದಿದ್ದೆ. ಆದರೂ ಒಂದು ಚಿಂತೆ ಕೊರೆಯುತ್ತಿತ್ತು, ಸುಮಿತ್ರಾಳ ಮುಂದೆ ಅಂದೇಬಿಟ್ಟೆ:

"ಎರಡನೇ ಸಲ ಪ್ಯಾಟಿಗೆ ಒಯ್ಯಬಾರದು ಅಂತ ಮಾವ ಅಂದಿದ್ರಲ್ಲ. ಇದು ಎರಡನೇದಲ್ಲೇನು?"

ಅವಳು ಕೈಗೆ ಹತ್ತಿದ ಹಿಟ್ಟು ಉದುರಿಸಿಕೊಳ್ಳುತ್ತ ಬಂದಳು. "ಅದು ಬ್ಯಾಡ ಅನಿಸ್ಕೊಂಡು ಬಂದ ಎತ್ತಿನ ಮಾತು. ಇದನ್ನ ಯಾರು ಬ್ಯಾಡಂದಾರ? ತಡೀರಿ, ಸೀರಿ ಬದಲಿಸಿ ಬರ್ತೇನಿ. ಗಾಡಿ ನನ್ನ ಹೆಸರೀಲೆ ಐತಿ, ನಾನೂ ಬರಬೇಕು."

ಹೀಗೆ ಇಬ್ಬರೂ ಹೋದೆವು. ಮೈದಾನ ಅದೇ, ಇನ್ಸ್‌ಪೆಕ್ಟರು ಬೇರೆ. ನಮ್ಮ ಕಡೆಯವರೇ, ಮಧ್ಯವಯಸ್ಸಿನ ಗಂಡಸು. ಸಾಲಿನಲ್ಲಿ ಕಾಯುವಾಗ ನನಗೆ ಸುಮ್ಮನಿರಲಾಗಲಿಲ್ಲ. ಹ್ಯಾಂಡಲ್ಲಿನ ಕೆಳಗೆ ಬಲಗಡೆ ಕೈ ಹಾಕಿ ಕಣ್ಣು ಮುಚ್ಚಿದೆ. ಏಳು ಸಿಕ್ಕಿತು. ಒಂದು, ಇನ್ನೊಂದು ಒಂದು. ಅದರ ಮುಂದಿನ ಅಂಕಿಯ ಮೇಲೆ ಬೆರಳನ್ನು ಮೇಲಿಂದ ಕೆಳಗೆ, ಕೆಳಗಿನಿಂದ ಮೇಲೆ ಆಡಿಸಿದೆ. ಎಡಕ್ಕೆ ಎಷ್ಟು ಹುಡುಕಿದರೂ ಗೆರೆ ತಾಕಲಿಲ್ಲ.

"ಮೂರು," ಎಂದೆ.

"ಏನು ಮೂರು?" ಸುಮಿತ್ರಾ ಕೇಳಿದಳು.

"ಬೆರಳಿಗೆ ಮೂರ ಐತಿ."

ಅವಳು ತಾನೂ ಕೈ ಚಾಚಿ ಆ ಜಾಗವನ್ನು ಒಮ್ಮೆ ಮುಟ್ಟಿ ತೆಗೆದಳು.

ಇನ್ಸ್‌ಪೆಕ್ಟರು ಲೈಟು, ಹಾರ್ನು, ಬ್ರೇಕು ನೋಡಿದರು. ಕುತ್ತಿಗೆ ತಿರುಗಿಸಿ, "ಇದೇನ್ರೀ, ಎರಡೂ ಕಡೆ ಹಿಂಗ ಕೆರದೀರಿ?" ಎಂದರು.

"ನಮ್ಮ ಅಪ್ಪ ಕೆರದಿದ್ರಿ. ಅಂವಗ ಯಾವ ಕಡೆ ಐತಿ ಗೊತ್ತಿರ್ಲಿಲ್ಲ," ಎಂದಳು ಸುಮಿತ್ರಾ.

ಪೆನ್ಸಿಲ್ ಉಜ್ಜಿದರು, ಕಾಗದ ನೋಡಿದರು, ಪಾಸು ಎಂದರು. ಎಂಟು ಮೂಡಿರಬೇಕು. ನಾನು ಬಗ್ಗಿ ನೋಡಲಿಲ್ಲ.

ಬರುವಾಗ ಮೋಟೆಬೆನ್ನೂರು ಹತ್ತಿರವಾದಂತೆ ಚೈನಿನ ಸದ್ದಿಗೆ ಕಿವಿ ಓರೆ ಮಾಡಿದೆ. ಸದ್ದು ಸರಿಯಾಗಿಯೇ ಇತ್ತು. ಸರಿಯಾಗಿದ್ದಾಗ ನನ್ನಂಥವನಿಗೆ ಬೇರೆ ಏನಾದರೂ ನೆನಪಾಗಬೇಕಲ್ಲ, ಗ್ಯಾಸು ನೆನಪಾಯಿತು. ರೊಟ್ಟಿ ಬಡಿಯುವುದನ್ನು ಹಾಗೇ ಬಿಟ್ಟು ಬಂದವಳು. ಬಂದ್ ಮಾಡಿದ್ದಳೋ ಇಲ್ಲವೋ. ಕೇಳಲೆಂದು ಹಿಂದೆ ತಿರುಗಿದೆ. ಮಾವ ಕೂತು ಕುಸಿಸಿದ ಜಾಗದಲ್ಲಿ ಅವನ ಮಗಳು ಸೆರಗು ಹಿಡಿದುಕೊಂಡು, ಬ್ಯಾಡಗಿಯ ರಸ್ತೆ ಕೂಡುವ ಕಡೆ ನೋಡುತ್ತಿದ್ದಳು. ಆವತ್ತು ಪೇಟೆಯ ದಿನ.

ಕೇಳಲಿಲ್ಲ. ಗಾಡಿಯನ್ನು ಬ್ಯಾಡಗಿಯ ಕಡೆಗೆ ತಿರುಗಿಸಿದೆ. ಊರು ಇನ್ನೂ ಕಾಣದಿದ್ದರೂ ಗಾಳಿಯಲ್ಲಿ ವಾಸನೆ ಬಂತು, ನಾನು ಸೀನಿದೆ. ಹಿಂದೆ ಸುಮಿತ್ರಾ ಸೀನಲಿಲ್ಲ. ಅಪ್ಪನ ಮಗಳು.